ಕೊಡವಿಲ್ಲದೆ ನೀರಿಗೆ ಹೋದ ವರ್ಷ

ಕಳೆದ ತಿಂಗಳು ನನ್ನ ಎಡಮೊಣಕಾಲು ಕಟಕಟ ಎನ್ನತೊಡಗಿದಾಗ ವಿಜಯಪುರದ ಮಗಳು ನನ್ನನ್ನು ಒಂದು ಈಜುಗೊಳಕ್ಕೆ ಕರೆದುಕೊಂಡು ಹೋದಳು. ಹನ್ನೊಂದರಿಂದ ಹನ್ನೆರಡರವರೆಗೆ ಅಲ್ಲಿ ಹೆಂಗಸರಿಗೆ ಮಾತ್ರ ಪ್ರವೇಶ. ನೀಲಿ ಹಂಚು ಹಾಕಿದ ಕೊಳ, ಎದೆಮಟ್ಟ ನೀರು. ನನ್ನ ವಯಸ್ಸಿನ ಏಳೆಂಟು ಮಂದಿ ಕಂಬಿ ಹಿಡಿದು ಕಾಲು ಎತ್ತಿ ಇಳಿಸುತ್ತಿದ್ದರು. ಹೇಳಿಕೊಡುವ ಹುಡುಗಿ ನನ್ನ ಕೈ ಹಿಡಿದು ಮೆಟ್ಟಿಲಿಳಿಸುತ್ತ, "ಹೆದರಬ್ಯಾಡ್ರಿ ಅಮ್ಮಾರ, ನೀರಾಗ ನಿಮ್ಮ ಭಾರ ನಿಮಗ ಗೊತ್ತಾಗಂಗಿಲ್ಲ" ಎಂದಳು.

ಮೊದಲು ಮೂಗಿಗೆ ಬಂದದ್ದು ಬ್ಲೀಚಿಂಗ್ ಪುಡಿಯ ವಾಸನೆ. ಆಮೇಲೆ, ಗೋಡೆಯ ಬುಡದಲ್ಲಿ ನೀರು ಹರಿದು ಹೋಗುವ ಕಿಂಡಿಯ ಹತ್ತಿರ, ಹಾವಸೆ ಹಿಡಿದ ತೊಯ್ದ ಕಲ್ಲಿನ ವಾಸನೆ ಒಂದೇ ಒಂದು ಗಳಿಗೆ ಬಂತು. ನಾನು ಅಲ್ಲೇ ನಿಂತುಬಿಟ್ಟೆ. ಹುಡುಗಿ ನಾನು ಹೆದರಿದೆ ಎಂದುಕೊಂಡಳು. ಹೆದರಿಕೆಯಲ್ಲ. ಆ ವಾಸನೆಯೊಳಗೆ ನಮ್ಮತ್ತೆ ಕೂತಿದ್ದರು, ಬಾವಿಯ ಕಟ್ಟೆಯ ಮೇಲೆ, ಮಡಿಲಲ್ಲಿ ಹುಣಸೆ ಬೀಜ ಇಟ್ಟುಕೊಂಡು.

ಅದು ಎಪ್ಪತ್ತಾರನೇ ಇಸವಿ. ನಾವಾಗ ಗೊಳಸಂಗಿಯಿಂದ ಮೂರು ಮೈಲಿ ಒಳಗಿನ ಹಳ್ಳಿಯಲ್ಲಿದ್ದೆವು. ಇವರು, ಅಂದರೆ ನನ್ನ ಯಜಮಾನರು, ಅಲ್ಲಿಯ ಕನ್ನಡ ಶಾಲೆಯ ಮಾಸ್ತರು. ಮನೆಯಲ್ಲಿ ನಾವಿಬ್ಬರು, ಒಂದೂವರೆ ವರ್ಷದ ಮಗಳು, ನಮ್ಮತ್ತೆ ನೀಲವ್ವ. ಹಿಂದಿನ ದೀಪಾವಳಿಯ ಹೊತ್ತಿಗೆ ಮಾಳಿಗೆಯ ಮೇಲೆ ಶೇಂಗಾ ಒಣಹಾಕಿದ್ದೆವು. ಮೋಡ ಕವಿಯಿತೆಂದು ಓಡಿ ಹತ್ತಿದೆ. ಬುಟ್ಟಿ ತುಂಬಿಕೊಂಡು ಇಳಿಯುವಾಗ ಏಣಿಯ ಒಂದು ಹಲ್ಲು ಮುರಿಯಿತು. ಬಿದ್ದದ್ದು ಬಲಮೊಣಕಾಲಿನ ಮೇಲೆ. ತಲೆಯ ಮೇಲೆ ಬೀಳಲಿಲ್ಲ, ಕಂಕುಳಲ್ಲಿ ಕೂಸು ಇರಲಿಲ್ಲ. ಆ ಎರಡನ್ನು ಶಿವನ ದಯೆಯ ಲೆಕ್ಕಕ್ಕೆ ಆವತ್ತೇ ಬರೆದುಕೊಂಡೆ.

ಮುದ್ದೇಬಿಹಾಳದ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿದರು. ಸಂಕ್ರಾಂತಿಯ ಮುಂಚೆ ಅದನ್ನು ಬಿಚ್ಚಿದಾಗ ಕಾಲು ತೆಳ್ಳಗೆ, ಬೆಳ್ಳಗೆ, ಬೇರೆ ಯಾರದೋ ಕಾಲಿನ ಹಾಗೆ ಕಂಡಿತು. ಅದು ಮಡಚುತ್ತಿರಲಿಲ್ಲ. ನೆಟ್ಟಗೆ ಕೋಲು.

ಕುರ್ಚಿ ಮೇಜಿನ ಮನೆಯವರಿಗೆ ಇದು ಏನು ಕಷ್ಟ ಎನ್ನಿಸಬಹುದು. ನಮ್ಮ ಬಾಳೆಲ್ಲ ನೆಲದ ಮೇಲೆಯೇ ನಡೆಯುವಂಥದ್ದು. ಒಲೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ರೊಟ್ಟಿ ಬಡಿಯಬೇಕು, ಬೀಸುವ ಕಲ್ಲಿನ ಮುಂದೆ ಕೂಡಬೇಕು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಎರೆಯಬೇಕು. ಎಲ್ಲಕ್ಕಿಂತ ಮೊದಲು, ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂಡಬೇಕು. ನಾನು ಇವರ ಶಾಲೆಯಿಂದ ತಂದ ಸ್ಟೂಲಿನ ಮೇಲೆ ಒಂದು ಕಾಲು ಚಾಚಿ, ಕಚೇರಿಯ ಕಾರಕೂನನ ಹಾಗೆ ಕೂತು ಪೂಜೆ ಮಾಡುತ್ತಿದ್ದೆ. ಕಣ್ಣು ಮುಚ್ಚಿದರೂ ನಾನು ಎತ್ತರದಲ್ಲಿದ್ದೇನೆ ಎನ್ನುವುದು ಮರೆಯುತ್ತಿರಲಿಲ್ಲ.

ರೊಟ್ಟಿಯ ಕೆಲಸವೆಲ್ಲ ನಮ್ಮತ್ತೆಗೆ ಬಿತ್ತು. ಅವರಿಗೆ ಆಗ ಅರವತ್ತರ ಆಸುಪಾಸು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ರೊಟ್ಟಿ ಬಡಿಯುವ ಸಪ್ಪಳ ದಿನದಿಂದ ದಿನಕ್ಕೆ ಜೋರಾಗುತ್ತಿತ್ತು. ಕೆಲಸ ಮುಗಿಸಿ ಏಳುವಾಗ ಒಂದು ಕೈ ಗೋಡೆಗೆ ಕೊಟ್ಟು, ಇನ್ನೊಂದನ್ನು ತೊಡೆಗೆ ಕೊಟ್ಟು, "ಶಿವಾ" ಎಂದು ಎಳೆದು ಏಳುತ್ತಿದ್ದರು. ಅದು ನನಗೆ ಕೇಳಲಿ ಎಂದೇ ಮಾಡುತ್ತಾರೆ ಎಂದು ನಾನು ತಿಳಿದಿದ್ದೆ.

ದವಾಖಾನೆಯ ಡಾಕ್ಟರು ಮೈಸೂರು ಕಡೆಯವರು, ಹರೆಯದವರು. ಕಾಲನ್ನು ಹಿಡಿದು ನೋಡಿ ಹೇಳಿದರು: "ಮೂಳೆ ಚೆನ್ನಾಗಿ ಕೂಡಿದೆ ಅಮ್ಮಾ, ಕೀಲು ಬಿಗಿದುಕೊಂಡಿದೆ. ಯುಗಾದಿ ಹೊತ್ತಿಗೆ ಮಡಚದಿದ್ರೆ ಮಿರಜ್‌ಗೆ ಹೋಗಿ ಆಪರೇಷನ್ ಮಾಡಿಸ್ಬೇಕು. ಆಮೇಲೂ ನೆಲದ ಮೇಲೆ ಕೂರೋಕೆ ಆಗತ್ತೆ ಅಂತ ನಾನು ಮಾತು ಕೊಡಲ್ಲ. ದಿನಾ ಬೆಳಿಗ್ಗೆ ನೀರಿಗೆ ಹೋಗಿ ಅರ್ಧ ಗಂಟೆ ನಡೀರಿ. ಒಂದಿನಾನೂ ತಪ್ಪಿಸ್ಬೇಡಿ." ಹೊರಗೆ ಜನ ತುಂಬಿದ್ದರು. ನಮ್ಮ ಹಿಂದಿನವರನ್ನು ಕರೆದುಬಿಟ್ಟರು.

ಆವತ್ತು ಇವರಿಗೆ ಶಾಲೆ ಇತ್ತು; ನನ್ನ ಜೊತೆ ಬಂದವರು ನಮ್ಮತ್ತೆ. ಬಸ್ಸಿನಲ್ಲಿ ಕೂತೊಡನೆ ಅವರ ಬಾಯಿ ತೆರೆಯಿತು. "ಇದನ್ನ ಕೇಳಾಕ ಮುದ್ದೇಬಿಹಾಳಕ್ಕ ಬರಬೇಕಾಗಿತ್ತೇನ? ನೀರಿಗಿ ಹೋಗು, ನೀರಿಗಿ ಹೋಗು ಅಂತ ಮನ್ಯಾಗ ಕುಂತ ನಾನೂ ಹೇಳ್ತಿದ್ದೆ."

ನಮ್ಮ ಕಡೆ ನೀರಿಗೆ ಹೋಗುವುದು ಎಂದರೆ ಒಂದೇ ಅರ್ಥ. ಕೊಡ ತೊಗೊಂಡು ಹೋಗಿ ನೀರು ತರುವುದು.

ಮರುದಿನದಿಂದ ನಾನು ನೀರಿಗೆ ಹೋದೆ. ಸಿಂಬಿಯ ಮೇಲೆ ತಾಮ್ರದ ಕೊಡ, ಕೈಯಲ್ಲಿ ಇನ್ನೊಂದು. ಕೋಲುಗಾಲನ್ನು ಅರೆವೃತ್ತದ ಹಾಗೆ ಸುತ್ತಿಸಿ ಸುತ್ತಿಸಿ ಇಡುತ್ತ, ಊರ ಬಾವಿಯಿಂದ ಮನೆಗೆ, ಮನೆಯಿಂದ ಬಾವಿಗೆ. ಡಾಕ್ಟರು ಅರ್ಧ ಗಂಟೆ ಎಂದಿದ್ದರು. ವಾಸಿಯಾಗಬೇಕೆಂಬ ಆಸೆಗೆ ನಾನು ಒಂದು ಗಂಟೆ ನಡೆದೆ. ಹನ್ನೆರಡು ದಿನಕ್ಕೆ ಮೊಣಕಾಲು ಬಾತು ಸೋರೆಕಾಯಿಯಾಯಿತು.

ಮತ್ತೆ ಬಸ್ಸು, ಮತ್ತೆ ದವಾಖಾನೆ. ಡಾಕ್ಟರು ಕಾಲು ನೋಡಿ ಗಾಬರಿಯಾದರು.

"ಏನಮ್ಮಾ ಮಾಡಿದ್ರಿ?"

"ನೀವು ಹೇಳಿದ್ದನ್ನೇ ಮಾಡ್ಯಾಳ್ರಿ," ಎಂದರು ನಮ್ಮತ್ತೆ. "ದಿನಾ ಆರು ಕೊಡ. ಒಂದು ದಿನಾನೂ ತಪ್ಪಿಸಿಲ್ಲ."

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ, ನಾನು ಹೇಳಿದ್ದು ನೀರಿನ ಒಳಗೆ ಇಳಿದು ನಡೀರಿ ಅಂತ! ನೀವು ನೀರು ಹೊರಬಾರದು ಅಮ್ಮಾ, ನೀರು ನಿಮ್ಮನ್ನ ಹೊರಬೇಕು!"

"ನೀರು ಮನಶ್ಯಾರನ್ನ ಹೊರತೈತೇನ್ರಿ ಸಾಹೇಬ್ರ?"

"ಹೊರತ್ತೆ ಅಜ್ಜಿ."

"ಹೌದು, ಹೊರತೈತಿ," ಎಂದರು ನಮ್ಮತ್ತೆ ನಿಧಾನವಾಗಿ. "ಬಿದ್ದು ಮೂರು ದಿನ ಆದ ಮ್ಯಾಲ ಹೊರತೈತಿ."

ಡಾಕ್ಟರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನಗು ತಡೆಯಲು ಅವರು ಕಿಟಕಿಯ ಕಡೆ ತಿರುಗಿಕೊಂಡರು. ಈ ಸಲ ಒಂದು ಚೀಟಿಯಲ್ಲಿ ಚಿತ್ರ ಬರೆದುಕೊಟ್ಟರು: ಎದೆಮಟ್ಟ ನೀರಿನ ಗೆರೆ, ಅದರೊಳಗೆ ಒಂದು ಹೆಂಗಸು, ತಲೆಯ ಮೇಲೆ ಕೊಡ, ಕೊಡದ ಮೇಲೆ ದೊಡ್ಡ ಅಡ್ಡಗೆರೆ.

ಎದೆಮಟ್ಟ ನಿಂತ ನೀರು ನಮ್ಮೂರಲ್ಲಿ ಇದ್ದದ್ದು ಒಂದೇ ಕಡೆ, ಸಂಬಂಧಿಕರಾದ ಸಂಗಪ್ಪ ಕಾಕಾನ ತೋಟದ ಬಾವಿಯಲ್ಲಿ. ಕುಡಿಯುವ ನೀರಿನ ಬಾವಿಯಲ್ಲ, ಹೊಲಕ್ಕೆ ನೀರು ಹಾಯಿಸುವ ಬಾವಿ. ಒಂದು ಬದಿಗೆ ಇಳಿಯಲು ಕಲ್ಲಿನ ಮೆಟ್ಟಿಲು. ಮೆಟ್ಟಿಲು ಮುಗಿಯುವಲ್ಲಿ, ನೀರಿನೊಳಗೆ, ಉಳಿದ ಮೂರೂ ಬದಿಗೆ ಗೋಡೆಗುಂಟ ಹೋಗುವ ಒಂದು ಕಲ್ಲುಗಟ್ಟೆ, ಇಬ್ಬರು ಜೊತೆಗೆ ನಡೆಯುವಷ್ಟು ಅಗಲ. ಅದರಾಚೆಗೆ ಕರಿಯ ಆಳ. ಮಾಘ ಮಾಸದಲ್ಲಿ ಕಟ್ಟೆಯ ಮೇಲೆ ನಿಂತರೆ ನೀರು ಸರಿಯಾಗಿ ಎದೆಗೆ ಬರುತ್ತಿತ್ತು. ಡಾಕ್ಟರ ಚಿತ್ರದ ಗೆರೆಯ ಹಾಗೆಯೇ. ನನಗಾಗಿ ನೂರು ವರ್ಷ ಮೊದಲೇ ಯಾರೋ ಕಟ್ಟಿಟ್ಟಂತೆ. ಅದನ್ನೂ ದಯೆಯ ಲೆಕ್ಕಕ್ಕೆ ಸೇರಿಸಿದೆ.

ನೀರಿಗಿಳಿಸಲು ಸಿಕ್ಕವಳು ಓಣಿಯ ದ್ಯಾಮವ್ವ. ಕೃಷ್ಣಾ ಹೊಳೆಯ ದಂಡೆಯ ಊರಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ನಡೆಯುವುದಕ್ಕೆ ಮೊದಲೇ ಈಸಲು ಕಲಿತೆ ಎಂದು ಹೇಳಿಕೊಳ್ಳುತ್ತಿದ್ದಳು. ಒಣಗಿದ ಸೋರೆ ಬುರುಡೆ ಎರಡನ್ನು ನನ್ನ ಸೊಂಟಕ್ಕೆ ಬಿಗಿದು, ಗೋಡೆಗುಂಟ ಹಗ್ಗ ಕಟ್ಟಿ, "ಹಿಡ್ಕೊ ತಂಗಿ. ಮುಳುಗಿದ್ರ ಎಳೀತೇನಿ. ಒದರಬ್ಯಾಡ, ಬಾವ್ಯಾಗ ಒದರಿದ್ರ ನಾಕ ಮಂದಿ ಒದರಿದಂಗ ಕೇಳತೈತಿ" ಎಂದಳು.

ಮೊದಲ ದಿನದ ಸೋಜಿಗ ಇಂದಿಗೂ ಮೈಯಲ್ಲಿದೆ. ಮೊದಲು ಚಳಿ, ಉಸಿರು ಹಿಡಿದುಹೋಯಿತು. ಆಮೇಲೆ ನಾನು ಹೆಜ್ಜೆ ಎತ್ತಬೇಕೆಂದು ಯೋಚಿಸುವಷ್ಟರಲ್ಲಿ ಬಲಗಾಲು ತಾನಾಗಿಯೇ ಮೇಲೆದ್ದಿತು. ಕೆಳಗಿನಿಂದ ಯಾರೋ ಅಂಗೈ ಇಟ್ಟು ಎತ್ತಿದಂತೆ. ನೋವಿಲ್ಲ. ಮೂರು ತಿಂಗಳಿಂದ ಮರದ ತುಂಡಿನ ಹಾಗೆ ಎಳೆದಾಡಿದ ಕಾಲು ಅದೇನಾ ಎಂದು ನೀರೊಳಗೆ ಕೈ ಹಾಕಿ ಮುಟ್ಟಿ ನೋಡಿದೆ. ಆ ಮುಂಜಾನೆ ಮೂರು ಬದಿಯ ಕಟ್ಟೆಯನ್ನು ಐದು ಸಲ ಹೋಗಿ ಬಂದೆ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚು ತಿಂದೆ. ಬಿದ್ದಂದಿನಿಂದ ಮೊದಲ ಸಲ ಇಡೀ ರಾತ್ರಿ ನಿದ್ದೆ ಬಂತು.

ನಾಲ್ಕನೆಯ ದಿನ ನಮ್ಮಣ್ಣ ಬಸವನ ಬಾಗೇವಾಡಿಯಿಂದ ಬಂದ. ಬಂದ ಎನ್ನುವುದು ಸರಿಯಲ್ಲ. ಅಂಗಳದಿಂದಲೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಗೋಳಾಡುತ್ತ ಒಳಗೆ ನುಗ್ಗಿದ. ನಾನು ತೊಯ್ದ ಕೂದಲು ಬಿಚ್ಚಿಕೊಂಡು ಒಲೆಯ ಹತ್ತಿರ ನಿಂತಿದ್ದೆ. ನನ್ನನ್ನು ನೋಡಿ ದೆವ್ವ ನೋಡಿದವನ ಹಾಗೆ ನಿಂತ.

"ನೀ... ನೀ ಅದಿ?"

"ಅದೇನಿ ಅಣ್ಣಾ. ಏನಾತು?"

ಸಂತೆಗೆ ಹೋದವರು ಯಾರೋ ಬಾಗೇವಾಡಿಯಲ್ಲಿ, "ನಿಮ್ಮ ಶಾಂತಾ ಬಾವಿಗಿ ಇಳದಾಳ" ಎಂದಿದ್ದರು. ಗಂಡನ ಮನೆಯ ಸೊಸೆ ಬಾವಿಗೆ ಇಳಿದಳು ಎಂದರೆ ನಮ್ಮಲ್ಲಿ ಅದಕ್ಕೂ ಒಂದೇ ಅರ್ಥ. ಅಣ್ಣನಿಗೆ ದುಃಖ ಹೋಗಿ ಸಿಟ್ಟು ಬಂತು. ನಮ್ಮತ್ತೆಯ ಕಡೆ ತಿರುಗಿ, "ಏನ್ ಮಾಡಿದ್ರಿ ಅತ್ತ್ಯಾರ ನನ್ನ ತಂಗಿಗಿ? ಬಾವಿ ಕಾಣೂ ಹಂಗ ಏನ್ ಮಾಡಿದ್ರಿ?" ಎಂದ.

ನಮ್ಮತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ತಮ್ಮಾ, ಆಕಿ ದಿನಾ ಮುಂಜಾನೆ ಬಾವ್ಯಾಗ ಇಳೀತಾಳ, ದಿನಾ ಎದ್ದು ಬರ್ತಾಳ. ಬಂದು ಆರು ರೊಟ್ಟಿ ತಿಂತಾಳ. ಇಷ್ಟು ತಿನ್ನಾಕಿನ್ನ ಬಾವಿಗಿ ನೂಕೂದಾಗಿದ್ರ ನಾ ರೊಟ್ಟಿ ಯಾಕ ಬಡೀತಿದ್ದೆ? ಕುಂಡ್ರು, ನೀನೂ ತಿನ್ನು."

ಅಣ್ಣ ತಿಂದ. ನಕ್ಕು ಹೋದ. ಆದರೆ ಆ ಮಾತು ನಮ್ಮತ್ತೆಗೆ ನಾಟಿತ್ತು. ತಮ್ಮ ಕಾಟಕ್ಕೆ ಸೊಸೆ ಬಾವಿ ನೋಡಿಕೊಂಡಳು ಎಂದು ಸುತ್ತ ಹಳ್ಳಿಗಳಲ್ಲಿ ಆಡಿಕೊಳ್ಳುತ್ತಾರೆ ಎನ್ನುವುದು ಅವರಿಗೆ ಸಹಿಸಲಾಗಲಿಲ್ಲ. ಮರುದಿನ ಕೂಸನ್ನು ಮಗನ ಕೈಗೆ ಕೊಟ್ಟರು. ಇಲಕಲ್ಲ ಸೀರೆಯ ಸೆರಗು ಬಿಗಿದು ನನ್ನ ಮುಂದೆಯೇ ಹೊರಟರು. "ನಾ ಕುಂಡ್ರತೇನಿ ಬಾವಿ ಕಟ್ಟಿ ಮ್ಯಾಲ. ಯಾರ ಏನಂತಾರ ಅನ್ನಲಿ, ನೋಡೂಣು."

ಹಾಗೆ ಅವರು ಎಣಿಸುವವರಾದರು. ನನ್ನ ಒಂದು ಸುತ್ತು ಮುಗಿದರೆ ಒಂದು ಹುಣಸೆ ಬೀಜವನ್ನು ಮಡಿಲಿನ ಈ ಬದಿಯಿಂದ ಆ ಬದಿಗೆ ಹಾಕುತ್ತಿದ್ದರು. ಇಪ್ಪತ್ತೊಂದು ಬೀಜ, ಇಪ್ಪತ್ತೊಂದು ಸುತ್ತು. ಎಷ್ಟೋ ದಿನ ನನ್ನ ಲೆಕ್ಕದಲ್ಲಿ ಮುಗಿದಿದ್ದರೂ, "ಇನ್ನೂ ಎರಡು ಉಳದಾವ, ನಡಿ" ಎನ್ನುತ್ತಿದ್ದರು. ದೇವರ ಸುತ್ತು ಬಂದಂತೆ ಎಂದುಕೊಂಡು ನಾನು ಪಂಚಾಕ್ಷರಿ ಹೇಳುತ್ತ ನಡೆಯುತ್ತಿದ್ದೆ. ಮುಗಿದ ಬೀಜಗಳನ್ನು ಅವರು ಕದ್ದು ಮತ್ತೆ ಈ ಬದಿಗೆ ಹಾಕುತ್ತಿದ್ದರೆಂದು ಗೊತ್ತಾದದ್ದು ಬಹಳ ದಿನಗಳ ಮೇಲೆ.

ನಡೆಯುತ್ತ ನಡೆಯುತ್ತ ನನ್ನ ತಲೆಯಲ್ಲಿ ಪ್ರಶ್ನೆಗಳು ಎದ್ದವು. ನೀರು ಹೇಗೆ ಹೊರುತ್ತದೆ? ಹೊರುವುದಾದರೆ ಕಲ್ಲು ಏಕೆ ಮುಳುಗುತ್ತದೆ? ಒಂದು ದಿನ ಮಸಾಲೆ ಅರೆಯುವ ಗುಂಡುಕಲ್ಲಿಗೆ ಹಗ್ಗ ಕಟ್ಟಿ ಬಾವಿಗೆ ತಂದೆ. ದ್ಯಾಮವ್ವ ಬಿದ್ದು ಬಿದ್ದು ನಕ್ಕಳು. ನೀರೊಳಗೆ ಇಳಿಬಿಟ್ಟು ಎತ್ತಿದೆ: ಹಗುರ. ನೀರಿನ ಮೇಲಕ್ಕೆ ತಂದೆ: ಭಾರ. ಮತ್ತೆ ಇಳಿಬಿಟ್ಟೆ, ಮತ್ತೆ ಹಗುರ. ಆಗ ಥಟ್ಟನೆ ಹೊಳೆಯಿತು. ಇದನ್ನು ನಾನು ಏಳು ವರ್ಷದವಳಿದ್ದಾಗಿನಿಂದ ನೋಡುತ್ತಲೇ ಇದ್ದೇನೆ! ಬಾವಿಯಲ್ಲಿ ಕೊಡ ಮುಳುಗಿ, ತುಂಬಿ, ನೀರೊಳಗೇ ಇರುವತನಕ ಎಳೆದರೆ ಹೂವಿನ ಹಾಗೆ ಬರುತ್ತದೆ. ಅದರ ಬಾಯಿ ನೀರು ಬಿಟ್ಟು ಮೇಲೆ ಬಂತೋ, ಆಗಲೇ ರಟ್ಟೆಗೆ ಎಳೆತ. ನೀರು ಸೇದುವ ಪ್ರತಿ ಹೆಂಗಸಿನ ಕೈಗೂ ಇದು ಗೊತ್ತು. ನಮ್ಮಲ್ಲಿ ಯಾರೂ ಅದನ್ನು ತಲೆಗೆ ಏರಿಸಿಕೊಂಡಿರಲಿಲ್ಲ, ಅಷ್ಟೆ.

"ಅತ್ತೀ, ನಾನೂ ಒಂದು ಕೊಡ ನೋಡ್ರಿ!" ಎಂದು ಕೆಳಗಿನಿಂದ ಕೂಗಿದೆ. "ನೀರಾಗ ಇರೂತನಕ ಹಗರ!"

ಮೇಲಿನಿಂದ ಉತ್ತರ ಬಂತು: "ನೀ ಕೊಡ ಆದ್ರ ನಾ ಏನ, ಹಗ್ಗ ಏನ? ನಡಿ, ನಡಿ. ಇನ್ನೂ ಒಂಬತ್ತು ಅದಾವ."

ಇವರನ್ನು ಕೇಳಿದರೆ, "ನೀ ಎಷ್ಟು ನೀರು ಸರಸ್ತಿ, ಅಷ್ಟು ನೀರಿನ ಭಾರದಷ್ಟು ನಿನ್ನ ಭಾರ ನೀರು ಹೊರತೈತಿ" ಎಂದು ಏಳನೇ ಇಯತ್ತೆಯ ಪಾಠ ಹೇಳಿದರು. ಅರ್ಧ ತಿಳಿಯಿತು. ಉಳಿದರ್ಧವನ್ನು ನಾನೇ ಬಾವಿಯಲ್ಲಿ ಕಂಡುಕೊಂಡೆ. ಉಸಿರು ತುಂಬಿಕೊಂಡರೆ ಮೈ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಮೆಲ್ಲಗೆ ಕಾಲಾಡಿಸಿದರೆ ನೀರು ದಾರಿ ಬಿಡುತ್ತದೆ. ಅವಸರ ಮಾಡಿದರೆ ಗೋಡೆಯ ಹಾಗೆ ಎದುರು ನಿಲ್ಲುತ್ತದೆ. ನಾನು ಎಷ್ಟು ಜೋರು ಮಾಡುತ್ತೇನೋ ಅದೂ ಅಷ್ಟೇ ಜೋರು. ಇದು ಥೇಟ್ ನಮ್ಮತ್ತೆಯ ಸ್ವಭಾವ ಎಂದು ದ್ಯಾಮವ್ವನ ಕಿವಿಯಲ್ಲಿ ಹೇಳಿದೆ. ಬಾವಿಯಲ್ಲಿ ಪಿಸುಮಾತೂ ಮೇಲಕ್ಕೆ ಹೋಗುತ್ತದೆಂದು ಆವತ್ತು ತಿಳಿಯಿತು. ಆ ದಿನ ಬೀಜಗಳು ಮುಗಿಯಲೇ ಇಲ್ಲ.

ಬಿಸಿಲು ಏರುತ್ತಿತ್ತು. ಕಾಕಾನ ಎಂಜಿನ್ನು ದಿನಾ ನೀರೆತ್ತುತ್ತಿತ್ತು. ವಾರ ವಾರಕ್ಕೆ ಕಟ್ಟೆಯ ಮೇಲಿನ ನೀರು ನಾಲ್ಕು ಬೆರಳು ಇಳಿಯುತ್ತಿತ್ತು. ಶಿವರಾತ್ರಿಯ ಹೊತ್ತಿಗೆ ಎದೆಯಿಂದ ಕೆಳಗೆ, ಆಮೇಲೆ ಸೊಂಟಕ್ಕೆ. ಮೊದಮೊದಲು ನನಗೆ ಹೆದರಿಕೆಯಾಯಿತು, ನೀರು ನನ್ನನ್ನು ಕೈಬಿಡುತ್ತಿದೆ ಎಂದು. ಆಮೇಲೆ ಗಮನಿಸಿದರೆ, ನೀರು ಇಳಿದಷ್ಟೂ ನನ್ನ ಭಾರ ಸ್ವಲ್ಪ ಸ್ವಲ್ಪ ನನ್ನ ಕಾಲಿಗೆ ಬರುತ್ತಿತ್ತು, ಕಾಲು ಅದನ್ನು ತಾಳುತ್ತಿತ್ತು. ನಡೆಯಲು ಕಲಿಯುವ ಕೂಸಿನ ಕೈಯನ್ನು ತಾಯಿ ಒಂದೊಂದೇ ಬೆರಳಾಗಿ ಬಿಡುತ್ತಾಳಲ್ಲ, ಹಾಗೆ. ಮೇಲೆ ಬಿಸಿಲು ಎಷ್ಟು ಬೇಕೋ ಅಷ್ಟೇ ಎಳೆದುಕೊಳ್ಳುತ್ತಿತ್ತು. ಅದನ್ನು ಯಾರು ಅಳೆದು ಮಾಡುತ್ತಿದ್ದಾರೆ ಎಂದು ನನಗೆ ಅನುಮಾನವಿರಲಿಲ್ಲ.

ಮೈಯಲ್ಲಿ ಬೇರೆ ಬದಲಾವಣೆಗಳೂ ಕಂಡವು. ಹೆರಿಗೆಯಿಂದ ಹಿಡಿದಿದ್ದ ಸೊಂಟನೋವು ಹೇಳದೆ ಕೇಳದೆ ಹೋಯಿತು. ಬಾವಿಯ ಮೆಟ್ಟಿಲನ್ನು ಮೊದಲು ಎರಡು ಕಡೆ ನಿಂತು ಹತ್ತುತ್ತಿದ್ದವಳು ಈಗ ಮಾತಾಡುತ್ತ ಹತ್ತುತ್ತಿದ್ದೆ. ಕುಪ್ಪಸದ ತೋಳು ಬಿಗಿಯಾದವು. ದಪ್ಪಗಾಗಿ ಅಲ್ಲ, ರಟ್ಟೆ ಗಟ್ಟಿಯಾಗಿ.

ಆದರೆ ಮೊಣಕಾಲು ಒಂದು ಕಡೆ ಬಂದು ನಿಂತುಬಿಟ್ಟಿತು. ಪ್ರತಿ ಭಾನುವಾರ ಇವರು ನನ್ನನ್ನು ಗೋಡೆಗೆ ಆನಿಸಿ ಕೂರಿಸಿ, ಕಾಲನ್ನು ಎಷ್ಟಾಗುತ್ತದೋ ಅಷ್ಟು ಎಳೆದುಕೋ ಎಂದು, ಹಿಮ್ಮಡಿ ಬಂದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುತ್ತಿದ್ದರು. ಮೊದಲ ನಾಲ್ಕು ಗೆರೆ ಒಂದರ ಹಿಂದೊಂದು ಗೋಡೆಯ ಕಡೆ ಸರಿದವು. ಆಮೇಲಿನ ಮೂರು ಗೆರೆ ಒಂದರ ಮೇಲೊಂದು ಬಿದ್ದವು. ಇನ್ನು ಒಂದು ಗೇಣು ಬಾಕಿ. ಯುಗಾದಿಗೆ ಒಂಬತ್ತು ದಿನ. ಇವರು ಮಿರಜಕ್ಕೆ ಹೋಗಲು ರಜೆಯ ಅರ್ಜಿ ಬರೆದು, ನನಗೆ ಕಾಣದಿರಲೆಂದು ಪಂಚಾಂಗದೊಳಗೆ ಇಟ್ಟಿದ್ದರು. ಪಂಚಾಂಗ ನೋಡುವವಳು ಮನೆಯಲ್ಲಿ ನಾನೇ.

ಆ ಸೋಮವಾರ ಬಾವಿಯಲ್ಲಿ ನೀರು ಸೊಂಟದ ಕೆಳಗೆ ಇಳಿದಿತ್ತು. ಹದಿನೈದು ಸುತ್ತು ನಡೆದು ಮೂಲೆಯಲ್ಲಿ ನಿಂತೆ. ನನಗೊಂದು ಯೋಚನೆ ಬಂತು. ನಡೆಯುವಾಗ ಭಾರ ಹೊರುವ ನೀರು ಕೂಡುವಾಗ ಹೊರುವುದಿಲ್ಲವೇ? ನೆಲದ ಮೇಲೆ ಕೂಡಲು ಹೋದರೆ ಇಡೀ ಮೈ ಒಮ್ಮೆಲೇ ಮೊಣಕಾಲಿನ ಮೇಲೆ ಬೀಳುತ್ತದೆ. ಇಲ್ಲಿ ಬೀಳಲಾರದು. ಸೋರೆ ಬುರುಡೆ ಬಿಚ್ಚಿ ತೇಲಿಬಿಟ್ಟೆ. ಗೋಡೆಗೆ ಬೆನ್ನು ಕೊಟ್ಟು, ಉಸಿರು ಸ್ವಲ್ಪ ಸ್ವಲ್ಪ ಬಿಡುತ್ತ ಇಳಿದೆ. ಎದೆ, ಕೊರಳು, ಗದ್ದ. ಕಾಲು ಮನೆಯ ಸೀಮೆಸುಣ್ಣದ ಗೆರೆಯಷ್ಟೇ ಮಡಚಿ ನಿಂತಿತು. ಅವಸರ ಮಾಡಲಿಲ್ಲ. ಎಡಗಾಲು ಮಡಚಿ, ಅದರ ಮೇಲೆ ಬಲಗಾಲನ್ನು ಎರಡೂ ಕೈಯಿಂದ ತಂದು ಇಟ್ಟೆ. ಒಳಗೆ ಎಲ್ಲೋ ಹಸಿ ಕಡ್ಡಿ ಮುರಿದಂತೆ ಒಂದು ಸದ್ದು. ಕಾಲು ಮಡಚಿತು. ನಾನು ಪೂರ್ತಿ ಕೂತೆ. ಅಷ್ಟು ತಗ್ಗಿಗೆ ಕೂತೆನೆಂದರೆ ನೀರು ಮೂಗು ದಾಟಿ ಹಣೆಗೆ ಬಂತು.

ನೀರೊಳಗೆ ಕಣ್ಣು ಬಿಟ್ಟೆ. ಹಸಿರು ಬೆಳಕು. ಅಂಗೈ ತಾನಾಗಿ ಎದೆಯ ಮುಂದೆ ಬಂತು, ಪೂಜೆಗೆ ಕೂತಂತೆ. ಒಂದು ಉಸಿರಿನಷ್ಟು ಹೊತ್ತು ಹಾಗೇ ಇದ್ದೆ.

ಮೇಲೆ ನಮ್ಮತ್ತೆ ಬೀಜದಿಂದ ಕಣ್ಣೆತ್ತಿದ್ದಾರೆ. ಸೊಸೆ ಇಲ್ಲ. ತೇಲುತ್ತಿರುವ ಎರಡು ಬುರುಡೆ, ನೀರಿನ ಮೇಲೆ ನನ್ನ ತುರುಬು.

ನಾನು ತಲೆ ಎತ್ತುವಷ್ಟರಲ್ಲಿ ಬಾವಿ ತುಂಬ ಒದರಾಟ. ನಾಲ್ಕು ಮಂದಿಯದಲ್ಲ, ಒಬ್ಬರದೇ. "ಶಾಂತಾ! ಏ ನನ್ನ ಶಾಂತಾ! ಬ್ಯಾಡ ಯವ್ವಾ, ಬ್ಯಾಡ!" ಯಾವತ್ತೂ ಬಾವಿಯ ಒಂದು ಮೆಟ್ಟಿಲನ್ನೂ ಇಳಿಯದ ನಮ್ಮತ್ತೆ ಹದಿನೆಂಟು ಮೆಟ್ಟಿಲನ್ನು ಹೇಗೆ ಇಳಿದರೋ. ಕೊನೆಯದರಲ್ಲಿ ಹಾವಸೆಗೆ ಕಾಲು ಜಾರಿ, ಸೀರೆಯ ಸಮೇತ ಧೊಪ್ಪನೆ ನೀರಿಗೆ ಬಿದ್ದರು. ಬಟ್ಟೆ ಒಗೆಯುತ್ತಿದ್ದ ದ್ಯಾಮವ್ವ ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ ಹಿಡಿದೆವು. ಒಬ್ಬಳ ಕೈ ಬೆನ್ನ ಕೆಳಗೆ, ಒಬ್ಬಳದು ಮೊಣಕಾಲ ಕೆಳಗೆ. ಅವರು ಅಂಗಾತ ತೇಲಿದರು. ಸೀರೆ ಸುತ್ತಲೂ ಹರಡಿಕೊಂಡಿತು.

ಒದರಾಟ ನಿಂತಿತು. ಕಣ್ಣು ಪಿಳಿಪಿಳಿ ಬಿಟ್ಟರು. ಒಂದು ಕಾಲು ಎತ್ತಿದರು, ಇಳಿಸಿದರು. ಇನ್ನೊಂದು ಎತ್ತಿದರು.

"ಅಯ್ಯ ಶಿವನ," ಎಂದರು ಸಣ್ಣ ದನಿಯಲ್ಲಿ. "ನಾನ ಇಲ್ಲಲ್ಲಽ!"

"ಅದೀರಿ ಅತ್ತಿ. ನಾ ಹಿಡದೇನಿ."

"ಅದಲ್ಲಽ ಹುಚ್ಚಿ. ಮೊಣಕಾಲ... ಮೊಣಕಾಲ ಇಲ್ಲ. ನೋವ ಇಲ್ಲ." ಮೇಲಿನ ಚೌಕ ಆಕಾಶ ನೋಡುತ್ತ ಹೇಳಿದರು: "ನಿಮ್ಮ ಮಾವ ಹೋದ ವರ್ಷದಿಂದ ಹಿಡದಾವ. ಒಂದು ದಿನ ಬಿಟ್ಟಿಲ್ಲ."

ಮಾವನವರು ತೀರಿಕೊಂಡು ಆಗ ಎಂಟು ವರ್ಷವಾಗಿತ್ತು.

ಗೋಡೆಗೆ ಕೈ ಕೊಟ್ಟು ಏಳುವುದು, "ಶಿವಾ" ಎಂದು ಎಳೆಯುವುದು, ಯಾವುದೂ ನನಗೆ ಕೇಳಿಸಲೆಂದು ಅಲ್ಲ. ಈ ನಾಲ್ಕೈದು ತಿಂಗಳು ಅವರು ಆ ಮೊಣಕಾಲುಗಳ ಮೇಲೆ ಕೂತು ನಮ್ಮೆಲ್ಲರ ರೊಟ್ಟಿ ಬಡಿದಿದ್ದರು. ಆಮೇಲೆ ಬಂದು ಕಲ್ಲಿನ ಮೇಲೆ ಕೂತು ನನ್ನ ಸುತ್ತು ಎಣಿಸಿದ್ದರು. ನನ್ನ ಮುಖ ತೊಯ್ದೇ ಇತ್ತು. ಅಳುವುದು ಅವರಿಗೆ ಕಾಣಲಿಲ್ಲ, ಅದೂ ಒಂದು ದಯೆ.

"ಅತ್ತಿ, ಬೀಜ ಎಲ್ಲಿ?"

"ಮುಳುಗಿ ಹ್ವಾದವು," ಎಂದರು ಕಣ್ಣು ಮುಚ್ಚಿಕೊಂಡೇ. "ಹೋಗಲಿ. ದಿನಾ ನಾಕ ನಾಕ ನಾನಽ ಕದೀತಿದ್ದೆ."

ಯುಗಾದಿ ಪಾಡ್ಯದ ಬೆಳಿಗ್ಗೆ ಸ್ಟೂಲನ್ನು ಶಾಲೆಗೆ ವಾಪಸು ಕಳಿಸಿದೆ. ನೆಲಕ್ಕೆ ಮಣೆ ಹಾಕಿ, ಕಾಲು ಮಡಚಿ, ಪೂಜೆಗೆ ಕೂತೆ. ಬಹಳ ಹೊತ್ತೇನೂ ಆಗಲಿಲ್ಲ. ಆದರೆ ಕೂತೆ. ರಜೆಯ ಅರ್ಜಿಯನ್ನು ಇವರು ಹರಿದು ಒಲೆಗೆ ಹಾಕಿದರು.

ಮರುದಿನ ಒಲೆಯ ಮುಂದೆ ಕೂತು ನಾನೇ ರೊಟ್ಟಿ ಬಡಿದೆ. ಮೊದಲ ಎರಡು ಹರಿದವು, ಮೂರನೆಯದು ದುಂಡಗೆ ಬಂತು. ನಮ್ಮತ್ತೆ ಕಂಬಕ್ಕೆ ಆನಿಕೊಂಡು ಕೂತಿದ್ದರು. ಖಾಲಿ ಕೈಗಳನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಒಮ್ಮೆ ತೊಡೆಯ ಮೇಲೆ, ಒಮ್ಮೆ ನೆಲದ ಮೇಲೆ. ರೊಟ್ಟಿ ಮುಗಿಯುವತನಕ ಕಾದರು. ಆಮೇಲೆ ಎಲ್ಲೋ ನೋಡುತ್ತ ಹೇಳಿದರು:

"ಏ ಶಾಂತಾ. ನೀರಿಗಿ ಹೋಗೂಣ ಬಾ."

ಕೈ ತೊಳೆದುಕೊಂಡು, ಹಳೆಯ ರೂಢಿಯಂತೆ ಸಿಂಬಿ ತೆಗೆದು, ಕೊಡಕ್ಕೆ ಕೈ ಹಾಕಿದೆ.

"ಕೊಡ ಬಿಡು," ಎಂದರು.

ಇಬ್ಬರೂ ಬರಿಗೈಯಲ್ಲಿ ಹೊರಟೆವು. ಓಣಿಯ ತಿರುವಿನಲ್ಲಿ ನೀರು ಹೊತ್ತು ಬರುತ್ತಿದ್ದ ಹೆಂಗಸರು ನಿಂತು ನೋಡಿದರು. ಒಬ್ಬಾಕೆ ತಡೆಯಲಾರದೆ ಕೇಳಿದಳು: "ಎಲ್ಲಿಗಿ ನೀಲಕ್ಕಾ, ಅತ್ತಿ ಸೊಸಿ ಕೂಡೇ?"

"ನೀರಿಗಿ."

"ನೀರಿಗಿ? ಮತ್ತ ಕೊಡ?"

ನಮ್ಮತ್ತೆ ನಿಲ್ಲಲೂ ಇಲ್ಲ, ತಿರುಗಿ ನೋಡಲೂ ಇಲ್ಲ. "ಎರಡು ಅದಾವಲ್ಲ, ಕಣ್ಣಿಗಿ ಕಾಣಸೂದಿಲ್ಲೇನ?" ಎಂದರು, ನನ್ನ ರಟ್ಟೆ ಹಿಡಿದುಕೊಂಡು.